ಕಡಲತೀರದ ಯಶೋದೆ

ವ್ಯಾಸತೀರ್ಥರ ‘ಕೃಷ್ಣಾ ನೀ ಬೇಗನೆ ಬಾರೋ’ ನಮ್ಮ ಮನೆಗಳಲ್ಲಿ ದೇವರ ಮುಂದೆಯೂ ಹಾಡುವ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೂ ಹಾಡುವ ಪದ. ಈ ಕನ್ನಡದ ಹಾಡಿಗೆ ಅಭಿನಯದಲ್ಲಿ ದೊಡ್ಡ ಹೆಸರು ತಂದುಕೊಟ್ಟವರು ಮಾತ್ರ ಮದರಾಸಿನ ತಮಿಳು ಮನೆತನದ ಟಿ. ಬಾಲಸರಸ್ವತಿ. ಅವರನ್ನು ಕುರಿತ ಸತ್ಯಜಿತ್ ರಾಯ್ ಅವರ ‘ಬಾಲಾ’ ಸಾಕ್ಷ್ಯಚಿತ್ರವನ್ನು ನಾನು ಮತ್ತೆ ಮತ್ತೆ ನೋಡುವುದು ಈ ಹಾಡಿಗಾಗಿ. ನೋಡಿದಾಗಲೆಲ್ಲ ಮನಸ್ಸು ತುಂಬುತ್ತದೆ, ಜೊತೆಗೇ ಒಂದು ಕೊರತೆಯೂ ಕಾಡುತ್ತದೆ.

ರಾಯ್ ಈ ಹಾಡನ್ನು ಚಿತ್ರಿಸಿದ್ದು ಕಡಲತೀರದಲ್ಲಿ. ಹಿಂದೆ ಅಲೆ, ಮೇಲೆ ಬಯಲು ಆಕಾಶ, ಗಾಳಿ ಸೀರೆಯನ್ನು ಎಳೆದಾಡುತ್ತದೆ. ನೋಟವೇನೋ ಚೆನ್ನಾಗಿದೆ. ಆದರೆ ಇದು ಬಯಲಿನ ಹಾಡಲ್ಲ. ತಾಯಿಯೊಬ್ಬಳು ಹೊಸ್ತಿಲ ಬಳಿ ನಿಂತು, ನಾಲ್ಕು ಹೆಜ್ಜೆ ಆಚೆ ಸತಾಯಿಸುತ್ತಿರುವ ಮಗನನ್ನು ಕರೆಯುವ ಹಾಡು. ಆ ಕರೆಗೆ ಒಂದು ಅಂಗಳ ಸಾಕು. ಕಣ್ಣು ಹೋಗಿ ನಿಲ್ಲಲು ಒಂದು ಕಂಬವೋ ಗೋಡೆಯೋ ಬೇಕು. ಸಮುದ್ರದ ಎದುರು ಆ ನೋಟ ಚೆದುರಿಹೋಗುತ್ತದೆ. ಹಾಗಿದ್ದೂ ಬಾಲಾ ಅವರ ಮುಖವೇ ಗೆಲ್ಲುತ್ತದೆ. ಕೂಸು ಬಾಯಿ ತೆರೆದು ತಾಯಿಗೆ ಮೂಲೋಕ ತೋರಿಸುವಲ್ಲಿ ಆ ಮುಖದ ಮೇಲೆ ಬೆರಗು, ಅದರ ಹಿಂದೆಯೇ ಭಯ, ಮತ್ತೆ ಇವನು ನನ್ನ ಕೂಸೇ ಎಂಬ ಸಮಾಧಾನ. ಯಾವ ಗಾಳಿಯೂ ಅದನ್ನು ಅಲುಗಾಡಿಸಲಾರದು. ರಾಯ್ ಕ್ಯಾಮೆರಾ ಇನ್ನೂ ಹತ್ತಿರ ಹೋಗಿ ಅಲ್ಲೇ ಕೂತುಬಿಡಬೇಕಿತ್ತು ಎನ್ನಿಸುತ್ತದೆ.

ಅದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ರಾಯ್ ಬಾಲಾ ಅವರ ನೃತ್ಯವನ್ನು ಮೊದಲು ನೋಡಿದ್ದು 1935ರಲ್ಲಿ, ಕಲ್ಕತ್ತೆಯಲ್ಲಿ, ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ. ಚಿತ್ರ ಮಾಡಬೇಕೆಂದು 1966ರಲ್ಲೇ ಯೋಚಿಸಿದ್ದರು. ಕೈಗೂಡಿದ್ದು 1976ರಲ್ಲಿ, ಆಗ ಬಾಲಾ ಅವರಿಗೆ 58. ಈ ಹತ್ತು ವರ್ಷಗಳ ನಷ್ಟವನ್ನು ವಿಮರ್ಶಕರು ಸಾಮಾನ್ಯವಾಗಿ ನರ್ತಕಿಯ ವಯಸ್ಸಿನ ಲೆಕ್ಕದಲ್ಲಿ ಹೇಳುತ್ತಾರೆ. ನನಗೆ ಅದು ದೊಡ್ಡದಲ್ಲ. ಅಭಿನಯಕ್ಕೆ ವಯಸ್ಸು ಅಡ್ಡಿಯಲ್ಲ, ಬಾಲಾ ಅವರೇ ಸಾಕ್ಷಿ. ನಿಜವಾದ ನಷ್ಟ ಜಯಮ್ಮಾಳ್. ಬಾಲಾ ಅವರ ತಾಯಿ, ಅವರ ನೃತ್ಯಕ್ಕೆ ಹಾಡುತ್ತಿದ್ದ ಗಾಯಕಿ, 1967ರಲ್ಲಿ ತೀರಿಕೊಂಡರು.

ಜಯಮ್ಮಾಳ್ ವೀಣಾ ಧನಮ್ಮಾಳ್ ಅವರ ಮಗಳು. ದೇವದಾಸಿ ಸಂಪ್ರದಾಯದ ಹೆಣ್ಣುಮಕ್ಕಳ ನೃತ್ಯವನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ, ಎದುರಾದ ಮಾತುಗಳಿಗೆ ಬಗ್ಗದೆ ಮಗಳನ್ನು ನೃತ್ಯಗುರು ಕಂದಪ್ಪ ಪಿಳ್ಳೆಯವರ ಬಳಿ ಕಲಿಯಲು ಬಿಟ್ಟರು. 1925ರಲ್ಲಿ, ಏಳು ವರ್ಷದ ಬಾಲಾ ಕಾಂಚೀಪುರದ ದೇವಸ್ಥಾನದಲ್ಲಿ ಗೆಜ್ಜೆ ಕಟ್ಟಿದರು. ಮುಂದೆ ತಾಯಿ ಒಂದೇ ಸಾಲನ್ನು ಸಂಗತಿ ಬದಲಿಸಿ ಬದಲಿಸಿ ಹಾಡಿದ ಹಾಗೆಲ್ಲ ಮಗಳ ಕಣ್ಣಲ್ಲಿ ಅರ್ಥವೂ ಬದಲಾಗುತ್ತಿತ್ತು. ಯಶೋದೆಯ ವಾತ್ಸಲ್ಯವನ್ನು ತಾಯಿ ಕುಳಿತು ಹಾಡುವುದು, ಮಗಳು ನಿಂತು ಆಡುವುದು: ಹೀಗೆ ಒಂದು ಹಾಡಿನಲ್ಲಿ ಇಬ್ಬರು ತಾಯಂದಿರು. ಈ ಕಲೆಯ ಅರ್ಧವೇ ಅದು. ‘ಬಾಲಾ’ದಲ್ಲಿ ಆ ಅರ್ಧ ಇಲ್ಲ. ಮೂವತ್ತಮೂರು ನಿಮಿಷಗಳ ಚಿತ್ರದಲ್ಲಿ ರಾಯ್ ಕಲಾವಿದೆಯನ್ನು ಗೌರವದಿಂದ ಉಳಿಸಿಕೊಟ್ಟರು. ಯಾರ ಮಗಳು, ಯಾರ ತಾಯಿ ಎಂಬುದು ಮಾಹಿತಿಯ ಮಟ್ಟದಲ್ಲೇ ನಿಂತಿತು.

ಆ ಕೊರತೆ ತುಂಬಿದ್ದು ಡಗ್ಲಸ್ ನೈಟ್ 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಜೀವನಚರಿತ್ರೆ. ನೈಟ್ ಬಾಲಾ ಅವರ ಮಗಳು ಲಕ್ಷ್ಮಿಯ ಗಂಡ, ಮೃದಂಗ ಕಲಿತವರು. ಅಳಿಯನ ಪ್ರೀತಿ ಕೆಲವೆಡೆ ಲೇಖಕನ ಕಣ್ಣಿಗೆ ಅಡ್ಡ ಬರುತ್ತದೆ. ನೃತ್ಯದಲ್ಲಿನ ಶೃಂಗಾರದ ವಿಷಯದಲ್ಲಿ ನರ್ತಕಿ ರುಕ್ಮಿಣಿ ದೇವಿಯವರೊಂದಿಗೆ ಬಾಲಾ ಅವರಿಗೆ ಇದ್ದ ಭಿನ್ನಾಭಿಪ್ರಾಯದಂಥ ಕಡೆ ಎದುರು ಪಕ್ಷದ ಮಾತನ್ನು ಇನ್ನಷ್ಟು ಕೇಳಬೇಕಿತ್ತು. ಆದರೆ ಮನೆಯೊಳಗಿನವರಿಗಷ್ಟೇ ಸಿಗುವುದು ಆ ಪುಸ್ತಕದಲ್ಲಿದೆ. ಅಜ್ಜಿ, ತಾಯಿ, ಮಗಳು, ಮೊಮ್ಮಗಳು ಒಂದೇ ಸೂರಿನ ಕೆಳಗೆ ಸಂಗೀತವನ್ನು ಹೇಗೆ ಕೈಯಿಂದ ಕೈಗೆ ದಾಟಿಸಿದರು ಎಂಬುದು ಅಲ್ಲಿ ಕಾಣುತ್ತದೆ. ಜಯಮ್ಮಾಳ್ ಅಲ್ಲಿ ಬರೀ ತ್ಯಾಗಮಯಿ ಅಮ್ಮ ಅಲ್ಲ, ಹಟದ, ಖಚಿತ ಕಿವಿಯ ಗಾಯಕಿ. ತಾಯಂದಿರನ್ನು ನೆನೆಯುವಾಗ ನಾವು ಅವರ ತ್ಯಾಗವನ್ನು ಹೊಗಳಿ ಅವರ ವಿದ್ಯೆಯನ್ನು ಮರೆತುಬಿಡುತ್ತೇವೆ. ಆ ತಪ್ಪನ್ನು ನೈಟ್ ಮಾಡಿಲ್ಲ.

ಹಾಗೆಂದು ರಾಯ್ ಚಿತ್ರವನ್ನು ಬದಿಗಿಡುವಂತಿಲ್ಲ. ಕೊನೆಯಲ್ಲಿ ಬಾಲಾ ರಾಗಮಾಲಿಕೆಯ ವರ್ಣಕ್ಕೆ ನರ್ತಿಸುತ್ತಾರೆ. ಕಾಲಿಗೆ ಕಟ್ಟಿರುವುದು ಏಳನೆಯ ವಯಸ್ಸಿನಲ್ಲಿ ಮೊದಲ ಬಾರಿ ಕಟ್ಟಿದ್ದ ಅದೇ ಗೆಜ್ಜೆ. 1984ರ ಫೆಬ್ರವರಿಯಲ್ಲಿ ಬಾಲಾ ಹೋದರು, 2001ರಲ್ಲಿ ಲಕ್ಷ್ಮಿಯೂ ಹೋದರು. ಮೊಮ್ಮಗ ಅನಿರುದ್ಧ ಈ ಮನೆತನದ ನೃತ್ಯವನ್ನು ಮುಂದುವರಿಸಿದ್ದಾರೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ಮೊದಲು ಪುಸ್ತಕ ಓದಿ, ಜಯಮ್ಮಾಳ್ ಯಾರೆಂದು ತಿಳಿದುಕೊಂಡು, ಆಮೇಲೆ ಚಿತ್ರ ನೋಡಿ.