ಪುಕ್ಕಟೆ ಆಕಾಶದ ಕನ್ನಡ

ಸಿದ್ಧಾರ್ಥನಗರದ ನಮ್ಮ ಮನೆಯ ಕೇಬಲ್ ತೆಗೆಸಿ ಎರಡು ವರ್ಷವಾಯಿತು. ತೆಗೆಸಿದವನು ನಾನು, ಟಿ.ವಿ. ನೋಡುತ್ತಿದ್ದವರು ಅಮ್ಮ.

ಕಾರಣ ದೊಡ್ಡದೇನಲ್ಲ. ತಿಂಗಳಿಗೆ ಮುನ್ನೂರು ಚಿಲ್ಲರೆ ರೂಪಾಯಿ ಕೊಟ್ಟು ನಾವು ನೋಡುತ್ತಿದ್ದದ್ದು ಮೂರೋ ನಾಲ್ಕೋ ಚಾನೆಲ್. ಮೊದಲಾದರೆ ಕೇಬಲ್ ಹುಡುಗ ತಂತಿ ಎಳೆದುಕೊಟ್ಟು ಹೋಗುತ್ತಿದ್ದ, ಬಂದದ್ದನ್ನು ನೋಡುತ್ತಿದ್ದೆವು. 2013ರಲ್ಲಿ ಡಿಜಿಟಲೀಕರಣದ ಎರಡನೇ ಹಂತಕ್ಕೆ ಮೈಸೂರು ಸೇರಿದಾಗ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. 2019ರಲ್ಲಿ ಟ್ರಾಯ್‌ನ ಹೊಸ ನಿಯಮ ಬಂತು. ಆಗಿನ ಲೆಕ್ಕದಲ್ಲಿ ಮೊದಲ ನೂರು ಚಾನೆಲ್‌ಗಳಿಗೆ 130 ರೂಪಾಯಿಯವರೆಗೆ ಮೂಲ ಶುಲ್ಕ, ಮೇಲೆ ತೆರಿಗೆ, ಅದರ ಮೇಲೆ ಹಣ ಕೇಳುವ ಒಂದೊಂದು ಚಾನೆಲ್ಲಿಗೂ ಪ್ರತ್ಯೇಕ ಬೆಲೆ. ಬೇಕಾದದ್ದಕ್ಕೆ ಮಾತ್ರ ದುಡ್ಡು ಕೊಡಿ ಎಂಬುದು ಅದರ ಆಶಯ. ಲೆಕ್ಕ ಹಾಕುತ್ತಾ ಕೂತಾಗ ನನಗೆ ಹೊಳೆದದ್ದು ಬೇರೆ. ಯಾರೂ ಹಣ ಕೇಳದ ದೂರದರ್ಶನದ ಚಂದನವನ್ನು ನೋಡಲೂ ಕೇಬಲ್ ಮನೆಯವರು ಆ ಮೂಲ ಶುಲ್ಕ ತೆರಲೇಬೇಕಿತ್ತು. ತಾರಸಿಯ ಮೇಲೆ ಒಂದು ಡಿಶ್ ನಿಲ್ಲಿಸಿಕೊಂಡರೆ ಅದೇ ಚಂದನ ಪುಕ್ಕಟೆ.

ಹಾಗೆ ದೂರದರ್ಶನದ ಫ್ರೀ ಡಿಶ್ ಮನೆಗೆ ಬಂತು. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಸೇವೆ ಇದು. ಡಿಶ್ಶಿಗೂ ಬಾಕ್ಸಿಗೂ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಈಗ ನಮ್ಮ ತಾರಸಿಯಲ್ಲಿ ಆಗ್ನೇಯಕ್ಕೆ ಮುಖ ಮಾಡಿ ಒಂದು ತಟ್ಟೆ ನಿಂತಿದೆ, ಅದರ ಬಲಕ್ಕೆ ಚಾಮುಂಡಿ ಬೆಟ್ಟ. ಅಮ್ಮನ ಧಾರಾವಾಹಿಗಳಿಗೆ ಮೊಬೈಲಿನಲ್ಲಿ ಆ್ಯಪ್ ಹಾಕಿಕೊಟ್ಟೆ. ವರ್ಷಕ್ಕೆ ಎರಡು ಸಾವಿರಕ್ಕೂ ಮೇಲೆ ಉಳಿಯಿತು ಎಂದು ಬೀಗಿದೆ.

ಒಂದು ವಾರ ಕಳೆದಿರಬೇಕು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಮೊಬೈಲ್ ನೋಡುತ್ತಿದ್ದ ಅಮ್ಮ ಅದನ್ನು ಕೆಳಗಿಟ್ಟು, "ಇದು ಹೀಗೆ ನೋಡೋಕೆ ಮಾಡಿದ್ದಲ್ಲ ಕಣೋ" ಅಂದರು.

ಅಕ್ಷರ ಚಿಕ್ಕದಿರಬೇಕು ಅಂದುಕೊಂಡೆ. ಅವರು ಹೇಳಿದ್ದು ವಿಮರ್ಶೆಯ ಮಾತು ಎಂದು ನನಗೆ ತಿಳಿದದ್ದು ಪಕ್ಕದಲ್ಲಿ ಕೂತು ನಾಲ್ಕು ಕಂತುಗಳನ್ನು ಒಟ್ಟಿಗೆ ನೋಡಿದ ಮೇಲೆ. ಒಂದು ಕಪಾಳಮೋಕ್ಷಕ್ಕೆ ಮನೆಮಂದಿಯೆಲ್ಲರ ಮುಖ ಒಂದೊಂದಾಗಿ ತಿರುಗುತ್ತದೆ. ಮರುದಿನದ ಕಂತು ಅದೇ ಕಪಾಳಮೋಕ್ಷದಿಂದ ಶುರುವಾಗುತ್ತದೆ. ಮೊಬೈಲಿನಲ್ಲಿ ಬೆನ್ನುಬೆನ್ನಿಗೆ ನೋಡಿದರೆ ಇದು ಶುದ್ಧ ಜಡತೆ. ಇದನ್ನು ಆಡಿಕೊಂಡು ನಾವು ವಿದ್ಯಾರ್ಥಿಗಳಾಗಿದ್ದಾಗ ಬೇಕಾದಷ್ಟು ನಕ್ಕಿದ್ದೇವೆ. ಆದರೆ ಈ ರೂಪ ಹುಟ್ಟಿದ್ದು ಕುಕ್ಕರಿನ ಸೀಟಿಗೆ ಎದ್ದುಹೋಗಿ ಬರುವವರಿಗಾಗಿ, ನಡುವೆ ಬಂದು ಕೂರುವ ನೆಂಟರಿಗಾಗಿ. ತಡವಾಗಿ ಬಂದವರಿಗೆಂದು ಹರಿಕಥೆಯ ದಾಸರು ಹಿಂದಿನ ಪ್ರಸಂಗವನ್ನು ಎರಡು ಮಾತಿನಲ್ಲಿ ಮತ್ತೆ ಹೇಳುವುದಿಲ್ಲವೇ? ಪುನರುಕ್ತಿ ತಾನಾಗಿಯೇ ದೋಷವಲ್ಲ. ನೋಡುವವರು ಬೇರೆ ಕೆಲಸದ ನಡುವೆ ನೋಡುತ್ತಾರೆ ಎಂಬ ತಿಳಿವಳಿಕೆ ಅದರಲ್ಲಿದೆ.

ಹಾಗಾದರೆ ದೋಷ ಎಲ್ಲಿದೆ? ಇದನ್ನು ಪರೀಕ್ಷಿಸಲು ನಾನು ಯೂಟ್ಯೂಬಿನಲ್ಲಿ 'ಮಾಯಾಮೃಗ'ದ ಕೆಲವು ಕಂತುಗಳನ್ನು ನೋಡಿದೆ. ಟಿ.ಎನ್. ಸೀತಾರಾಂ ಅವರು ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರ ಜೊತೆ ನಿರ್ದೇಶಿಸಿದ ಈ ಧಾರಾವಾಹಿ 1998ರಲ್ಲಿ ಚಂದನದಲ್ಲಿ ಬಂತು. ಅದೂ ದಿನದ ಕಂತೇ, ಅಲ್ಲೂ ನಿಧಾನವಿದೆ, ಹೇಳಿದ್ದನ್ನೇ ಮತ್ತೆ ಹೇಳುವುದಿದೆ. ಆದರೆ ಅಲ್ಲಿ ಮರಳಿ ಬರುವುದು ಮಾತು. ಮಧ್ಯಮವರ್ಗದ ಮನೆಯೊಳಗಿನ ದುಡ್ಡಿನ ಚಿಂತೆ, ಸಂಕೋಚ, ನ್ಯಾಯದ ಬಗೆಗಿನ ವಾದ ಇವುಗಳಿಗೆ ಪಾತ್ರಗಳು ಮತ್ತೆಮತ್ತೆ ಮರಳುತ್ತವೆ, ಮರಳಿದಾಗ ಒಂದು ಹೆಜ್ಜೆ ಮುಂದೆ ಹೋಗಿರುತ್ತವೆ. ಇಂದಿನ ಎಷ್ಟೋ ಧಾರಾವಾಹಿಗಳಲ್ಲಿ ಮರಳಿ ಬರುವುದು ಮುಖ ಮಾತ್ರ, ಆ ಮುಖದ ಹಿಂದಿನ ಯೋಚನೆ ನಿಂತಲ್ಲೇ ನಿಂತಿರುತ್ತದೆ. ಕೇಬಲ್ ಇದ್ದಾಗ ಜಾಹೀರಾತಿನ ಗದ್ದಲ ಈ ವ್ಯತ್ಯಾಸವನ್ನು ಮುಚ್ಚಿಟ್ಟಿತ್ತು.

ಇನ್ನು ಚಂದನದ ಮಾತು. ಸಾಹಿತ್ಯದ ಓದುಗರಾದ ನಾವು ಚಂದನವನ್ನು ಹೊಗಳುತ್ತೇವೆ, ನೋಡುವುದಿಲ್ಲ. ಕೇಬಲ್ ಹೋದ ಮೇಲೆ ನಾನು ನಿಜವಾಗಿ ನೋಡಿದೆ. ಕುಂದುಗಳು ಕಣ್ಣಿಗೆ ಹೊಡೆಯುತ್ತವೆ. ಕ್ಯಾಮೆರಾ ಕದಲುವುದು ಅಪರೂಪ. ಸಂದರ್ಶನಗಳಲ್ಲಿ ಪ್ರಶ್ನೆಗೆ ಮೊದಲೇ ಉತ್ತರ ಸಿದ್ಧವಿರುತ್ತದೆ. ಸರ್ಕಾರದ ಬಗ್ಗೆ ಇರಿಸುಮುರಿಸಿನ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಇದನ್ನೆಲ್ಲ ಒಪ್ಪಿಕೊಂಡೇ 'ಥಟ್ ಅಂತ ಹೇಳಿ' ಎದುರು ಕೂರಬೇಕು.

2002ರಿಂದ ನಡೆದು ಬಂದಿರುವ ಈ ರಸಪ್ರಶ್ನೆಯನ್ನು ನಡೆಸಿಕೊಡುವ ಡಾ. ನಾ. ಸೋಮೇಶ್ವರ ವೃತ್ತಿಯಿಂದ ವೈದ್ಯರು. ಇಲ್ಲಿ ಕೋಟಿ ಇಲ್ಲ, ಉತ್ತರ ಹೇಳುವ ಮುನ್ನ ಎದೆ ಬಡಿದುಕೊಳ್ಳುವ ಸಂಗೀತವಿಲ್ಲ. ಗೆದ್ದವರಿಗೆ ಸಿಗುವುದು ಪುಸ್ತಕ. ಉತ್ತರ ತಪ್ಪಾದರೂ ಅದರ ಹಿಂದಿನ ವಿಷಯವನ್ನು ನಾಲ್ಕು ಮಾತಿನಲ್ಲಿ ವಿವರಿಸುತ್ತಾರೆ. ಸೋತವರನ್ನು ನೋಡಿ ನಗುವ ಅವಕಾಶವೇ ನಮಗೆ ಸಿಗುವುದಿಲ್ಲ. ಬಹುಮಾನದ ಆಸೆ ತೋರಿಸದೆ, ಅವಮಾನದ ರುಚಿ ಹತ್ತಿಸದೆ ಒಂದು ಕಾರ್ಯಕ್ರಮ ಇಷ್ಟು ವರ್ಷ ನಡೆದದ್ದು ಹೇಗೆ ಎಂದು ನಮ್ಮ ವಿಮರ್ಶೆ ಕೇಳಿಕೊಂಡಂತಿಲ್ಲ. ನನಗೆ ತೋರುವ ಉತ್ತರ ಇಷ್ಟೇ: ಅದು ನೋಡುವವರನ್ನು ದಡ್ಡರೆಂದು ತಿಳಿದಿಲ್ಲ.

ಇನ್ನೊಂದು ನೆನಪು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಸರ್ಕಾರ 'ಸೇತುಬಂಧ' ಪಾಠಗಳನ್ನು ಪ್ರಸಾರ ಮಾಡಿದ್ದು ಚಂದನದಲ್ಲಿ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳಿಗೆ ತಲುಪಲು ಬೇರೆ ದಾರಿ ಕಡಿಮೆ ಇತ್ತು. ಪುಕ್ಕಟೆ ಚಾನೆಲ್ ಒಂದು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ವಾದ ನನ್ನ ಬಳಿ ಇಲ್ಲ.

ಆದರೆ ರಿಮೋಟಿನ ಮುಂದಿನ ಗುಂಡಿ ಒತ್ತಿದಾಗ ನನ್ನ ಸಂಭ್ರಮ ಇಳಿಯಿತು. ಫ್ರೀ ಡಿಶ್‌ನಲ್ಲಿ ಹಿಂದಿಗೆ ಬರವಿಲ್ಲ. ಸಿನಿಮಾ, ಧಾರಾವಾಹಿ, ಸುದ್ದಿ, ಭಕ್ತಿ ಎಲ್ಲವೂ ಸಾಲುಸಾಲಾಗಿ ಬರುತ್ತವೆ. ಕನ್ನಡದವರ ಪಾಲಿಗೆ, ನಮ್ಮ ಮನೆಯ ಪೆಟ್ಟಿಗೆಯ ಮಟ್ಟಿಗೆ ಹೇಳುವುದಾದರೆ, ಚಂದನವೇ ಗತಿ. ಹಿಂದಿಯ ಬಡವನಿಗೆ ಪುಕ್ಕಟೆ ಆಕಾಶದಲ್ಲಿ ಹಬ್ಬದೂಟ, ಕನ್ನಡದ ಬಡವನಿಗೆ ಒಂದು ಬಟ್ಟಲು. ಜನಪ್ರಿಯ ಕನ್ನಡವೆಲ್ಲ ಹಣದ ಬಾಗಿಲ ಒಳಗಿದೆ. ಭಾಷೆಯ ಪ್ರಶ್ನೆಯನ್ನು ನಾವು ಶಾಲೆ, ನಾಮಫಲಕ, ಬ್ಯಾಂಕಿನ ಚಲನ್‌ಗಳಲ್ಲಿ ಹುಡುಕುತ್ತೇವೆ. ಅದು ಟಿ.ವಿ.ಯ ಬಿಲ್ಲಿನಲ್ಲೂ ಇದೆ.

'ಮಾಲ್ಗುಡಿ ಡೇಸ್' ನೆನಪಿಸಿಕೊಳ್ಳಿ. ಕಥೆ ಬರೆದ ಆರ್.ಕೆ. ನಾರಾಯಣ್ ಬಾಳಿದ್ದು ಮೈಸೂರಿನಲ್ಲಿ. ಯಾದವಗಿರಿಯ ಅವರ ಮನೆ ಇವತ್ತು ವಸ್ತುಸಂಗ್ರಹಾಲಯ. ನಿರ್ದೇಶಿಸಿದ್ದು ಶಂಕರ್‌ನಾಗ್, ಚಿತ್ರೀಕರಣ ಆಗುಂಬೆಯಲ್ಲಿ, ತೆರೆಯ ಮೇಲೆ ನಮ್ಮ ರಂಗಭೂಮಿಯ ಮುಖಗಳು. ಆದರೂ ಎಂಬತ್ತರ ದಶಕದಲ್ಲಿ ಅದು ಆಡಿದ ಭಾಷೆ ಹಿಂದಿ ಮತ್ತು ಇಂಗ್ಲಿಷ್. ದೂರದರ್ಶನಕ್ಕೆ ಇಡೀ ದೇಶದ ನೋಡುಗರು ಬೇಕಿದ್ದರು, ಸರಿ. ಅದು ಕನ್ನಡದಲ್ಲಿ ಮಾತಾಡಿದ್ದು 2020ರ ಲಾಕ್‌ಡೌನಿನಲ್ಲಿ, ಜೀ ಕನ್ನಡದಲ್ಲಿ, ಮೂರು ದಶಕ ದಾಟಿದ ಮೇಲೆ, ದುಡ್ಡು ಕೊಟ್ಟು ನೋಡುವ ಚಾನೆಲ್‌ನಲ್ಲಿ. ಆಗುಂಬೆಯ ಮಳೆ ಪುಕ್ಕಟೆಯಾಗಿ ಹಿಂದಿಯಲ್ಲಿ ಸುರಿದದ್ದನ್ನು ನಾವು ಪ್ರೀತಿಯಿಂದಲೇ ನೋಡಿದೆವು. ಆ ಪ್ರೀತಿಯಲ್ಲಿ ಈ ಪ್ರಶ್ನೆ ಮುಚ್ಚಿಹೋಯಿತು.

ಹೀಗೆಯೇ ಇರಬೇಕೆಂದೇನೂ ಇರಲಿಲ್ಲ ಎಂಬುದಕ್ಕೆ ಈ ಊರೇ ಸಾಕ್ಷಿ. 1935ರ ಸೆಪ್ಟೆಂಬರ್ 10ರಂದು ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವಾಟ್‌ನ ಪುಟ್ಟ ರೇಡಿಯೊ ಕೇಂದ್ರ ತೆರೆದರು. ಮುಂದೆ ದೇಶದ ಬಾನುಲಿಗೆಲ್ಲ ಹೆಸರಾದ 'ಆಕಾಶವಾಣಿ' ಮೊದಲು ಆ ಕೇಂದ್ರದ ಹೆಸರು. ಅದನ್ನು 1942ರಲ್ಲಿ ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಒಬ್ಬ ಮೇಷ್ಟರು ಮನೆಯಿಂದ ಊರಿಗೆಲ್ಲ ಕೇಳುವಂತೆ ಮಾಡಲು ಹೊರಟದ್ದು ಲಾಭಕ್ಕಾಗಿ ಅಲ್ಲ. ಕೇಳುವವರು ಮೊದಲು, ಲೆಕ್ಕ ಆಮೇಲೆ ಎಂಬ ಆ ನಡೆ ಟಿ.ವಿ.ಯ ಹೊತ್ತಿಗೆ ನಮ್ಮ ಕೈತಪ್ಪಿತು.

ಆದ್ದರಿಂದ ಕೇಬಲ್ ಬಿಟ್ಟದ್ದು ಜಾಣತನವೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಅರ್ಧ. ದುಡ್ಡು ಉಳಿಯಿತು, ಚಂದನ ಸಿಕ್ಕಿತು. ಆದರೆ ಅಗ್ಗದ ದಾರಿ ಎಂದು ನಾವು ಕರೆಯುವುದರಲ್ಲಿ ಮೊಬೈಲು ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ಕಳಿಸುತ್ತದೆ, ಡಿಶ್ಶು ಬೇರೆ ಭಾಷೆಯ ಅಂಗಳಕ್ಕೆ ಕಳಿಸುತ್ತದೆ. ಕನ್ನಡದಲ್ಲಿ, ಮನೆಮಂದಿಯೆಲ್ಲ ಕೂತು, ದುಡ್ಡಿಲ್ಲದೆ ನೋಡುವ ಜಾಗ ಬಹಳ ಕಿರಿದು. ಅದನ್ನು ಹಿಗ್ಗಿಸಬೇಕೆಂದು ಸರ್ಕಾರವನ್ನು ಕೇಳುವ ಮೊದಲು, ಈಗಿರುವುದನ್ನು ಪುಸ್ತಕದಷ್ಟೇ ಗಂಭೀರವಾಗಿ ನೋಡಿ, ಬೇಕಾದರೆ ಬೈದು, ಬರೆಯುವ ಕೆಲಸ ನಮ್ಮದು.

ನಮ್ಮ ಮನೆಯ ವ್ಯವಸ್ಥೆಯನ್ನು ಅಮ್ಮ ತಾವೇ ಸರಿಪಡಿಸಿಕೊಂಡಿದ್ದಾರೆ. ಸಂಜೆ ಏಳೂವರೆಗೆ ಕೆಳಗಿನ ಮನೆಗೆ ಇಳಿದು ಹೋಗುತ್ತಾರೆ, ಅವರ ಮನೆಯಲ್ಲಿ ಕೇಬಲ್ ಇದೆ. ನಾನು ಬೀಗಿದ ಉಳಿತಾಯದ ಒಂದು ಪಾಲು ಅವರ ಬಿಲ್ಲಿನಲ್ಲಿ ಸಂದಾಯವಾಗುತ್ತಿದೆ ಎಂದಾಯಿತು. ಊಟವಾದ ಮೇಲೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ, 'ಥಟ್ ಅಂತ ಹೇಳಿ'ಗೆ. ಮೊನ್ನೆ ಅಮ್ಮ ಒಂದು ಉತ್ತರವನ್ನು ಸ್ಪರ್ಧಿಗಿಂತ ಮೊದಲೇ ಹೇಳಿದರು. ಪಕ್ಕದಲ್ಲಿ ಕೂತಿದ್ದವರು, "ನಿಮಗೆ ಒಂದು ಪುಸ್ತಕ ಬರಬೇಕು ನೋಡಿ" ಅಂದರು. ಮಾರನೆಯ ದಿನ ನಾನೇ ಒಂದು ತಂದುಕೊಟ್ಟೆ. ಬೆಲೆ ಕೇಬಲ್‌ನ ಒಂದು ತಿಂಗಳ ಬಿಲ್ಲಿಗಿಂತ ತುಸು ಕಡಿಮೆ.