ಮೂರು ಬಾಗಿಲುಗಳ ಆಚೆ

ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ‘ಇವಾನ್ ಇಲ್ಯಿಚ್‌ನ ಮರಣ’ವನ್ನು ಮರಣಧ್ಯಾನವೆಂದು ಓದುವುದು ವಾಡಿಕೆ. ಅದನ್ನೇ ಶುಶ್ರೂಷೆಯ ಕಥೆಯೆಂದು ಓದಿದರೆ, ಲೇಖಕನ ನ್ಯಾಯವನ್ನೇ ಪ್ರಶ್ನಿಸಬೇಕಾಗುತ್ತದೆ. ನ್ಯಾಯಾಧೀಶನೊಬ್ಬ ವಾಸಿಯಾಗದ ಬೇನೆಯಿಂದ ನರಳುತ್ತಿದ್ದಾನೆ. ಬೇನೆಗೆ ಹೆಸರಿಲ್ಲ, ಕ್ಯಾನ್ಸರ್ ಎಂದು ಊಹಿಸಿದವರು ಅನೇಕರು. ಸಾಯುತ್ತಿದ್ದಾನೆಂದು ಬಲ್ಲವರೆಲ್ಲರೂ ಗುಣವಾಗುವನೆಂದು ನಟಿಸುತ್ತಾರೆ. ನಟಿಸದವನು ಸೇವಕ ಗೆರಾಸಿಮ್ ಒಬ್ಬನೇ. ರೋಗಿಯ ಮಲವನ್ನು ಅಸಹ್ಯಪಡದೆ ಎತ್ತುತ್ತಾನೆ, ಅವನ ಕಾಲುಗಳನ್ನು ಹೆಗಲ ಮೇಲೆ ಹೊತ್ತು ರಾತ್ರಿ ಕಳೆಯುತ್ತಾನೆ. ಸುವಾರ್ತೆಯ ಸಮಾರಿತನನ್ನು ನೆನಪಿಸುವ ಪಾತ್ರ.

ಆದರೆ ಹೆಂಡತಿ ಪ್ರಸ್ಕೋವ್ಯಳ ಗತಿಯೇನು? ಆಕೆ ಔಷಧಿ ಸರಿಯಾಗಿ ಕುಡಿಯಲಿಲ್ಲವೆಂದು ಗಂಡನನ್ನೇ ದೂರುತ್ತಾಳೆ. ಸಾರಾ ಬರ್ನಾರ್ಡಳ ನಾಟಕಕ್ಕೆ ಸಿಂಗರಿಸಿಕೊಂಡು ಹೊರಡುತ್ತಾಳೆ. ವಿಧವೆಯಾದ ಕೂಡಲೇ ಸರ್ಕಾರದ ಹಣದ ಮಾತೆತ್ತುತ್ತಾಳೆ. ಗಂಡನ ಮನಸ್ಸಿನ ಮೂಲೆಮೂಲೆಯನ್ನೂ ಹೊಕ್ಕ ಲೇಖಕ, ಆಕೆಯ ಒಂದು ರಾತ್ರಿಯನ್ನಾದರೂ ಒಳಗಿನಿಂದ ಕಾಣಲಿಲ್ಲ. ಗೆರಾಸಿಮ್ ಗಟ್ಟಿಮುಟ್ಟಾದ ತರುಣ. ಈ ಮರಣದಿಂದ ಅವನ ನಾಳೆ ಕುಸಿಯುವುದಿಲ್ಲ. ಆ ನಿರ್ಮಲ ಸೇವೆಯ ಎದುರು ಹೆಂಡತಿಯನ್ನು ನಿಲ್ಲಿಸಿ ತೂಗುವುದು ಸುಲಭ, ನ್ಯಾಯವಲ್ಲ.

ಈ ತಕ್ಕಡಿಯನ್ನು ಗಿಣಿಗೇರಾದಂಥ ಊರಿಗೆ ತಂದು ನೋಡಿರಿ. ಕಾರ್ಖಾನೆಯ ಕೂಲಿಯಿಂದ ನಡೆಯುವ ಮನೆಯಲ್ಲಿ ಯಜಮಾನನೇ ಹಾಸಿಗೆ ಹಿಡಿದರೆ, ಹಣದ ಮಾತು ಸ್ವಾರ್ಥವಲ್ಲ, ನಾಳೆಯ ರೊಟ್ಟಿ. ಗಂಡನ ಚೀರಾಟ ಮೂರು ಬಾಗಿಲುಗಳ ಆಚೆಗೂ ಕೇಳಿಸುತ್ತಿತ್ತೆಂದು ಪ್ರಸ್ಕೋವ್ಯ ಹೇಳಿಕೊಳ್ಳುತ್ತಾಳೆ. ಅವಳ ಮನೆಗೆ ಮೂರು ಬಾಗಿಲುಗಳಾದರೂ ಇದ್ದವು! ನಮ್ಮಲ್ಲಿ ಇರುವುದು ಒಂದೇ ಪಡಸಾಲೆ. ರೋಗಿ ಅಲ್ಲಿ, ಒಲೆ ಅಲ್ಲಿ, ಮಕ್ಕಳ ಓದೂ ಅಲ್ಲಿಯೇ. ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿಗೋ ಅಲೆದು, ಇನ್ನು ಮನೆಗೆ ಕರೆದೊಯ್ಯಿರಿ ಎನಿಸಿಕೊಂಡು ಬಂದ ಮೇಲೆ ವೈದ್ಯೆಯೂ ದಾದಿಯೂ ಹೆಂಡತಿಯೇ. ನೋವಿಗೆ ಬೇಕಾದ ಮಾರ್ಫಿನ್ 1985ರ ಮಾದಕವಸ್ತು ಕಾಯಿದೆಯ ಬಿಗಿಯಲ್ಲಿ ದುರ್ಲಭವಾಯಿತು. 2014ರ ತಿದ್ದುಪಡಿ ದಾರಿಯನ್ನು ಸಡಿಲಿಸಿತಾದರೂ ಹಳ್ಳಿಯ ಹಾಸಿಗೆಯವರೆಗೆ ಅದು ತಲುಪುವುದು ಇಂದಿಗೂ ಸುಲಭವಲ್ಲ. ಬೆಂಗಳೂರಿನಲ್ಲಿ 1994ರಲ್ಲಿ ರೂಪುಗೊಂಡ ಟ್ರಸ್ಟಿನ ‘ಕರುಣಾಶ್ರಯ’ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಅದರ ದಾದಿಯರು ಮನೆಗಳಿಗೂ ಹೋಗುತ್ತಾರೆ. ಅಂಥ ಕೈಯೊಂದು ಮನೆಯೊಳಗೆ ಬಂದರೆ ಹೆಂಡತಿ ಒಂದು ಗಳಿಗೆ ಹೆಂಡತಿಯಾಗಿಯೇ ಗಂಡನ ಬಳಿ ಕುಳಿತಾಳು. ಆದರೆ ಗಿಣಿಗೇರಾದಿಂದ ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ.

ಗುರುವನ್ನು ಕರೆಸಿ ಪರಮಪ್ರಸಾದ ಕೊಡಿಸುವವಳೂ ಪ್ರಸ್ಕೋವ್ಯಳೇ. ರೋಗಿಗೆ ಕ್ಷಣಕಾಲ ನೆಮ್ಮದಿಯಾಗುತ್ತದೆ. ಆಕೆ ಹಿತವಾಯಿತೇ ಎಂದು ಕೇಳಿದೊಡನೆ ದ್ವೇಷ ಮರಳುತ್ತದೆ. ಅಂತ್ಯದಲ್ಲಿ ಮಾತ್ರ ಲೇಖಕ ಕರಗುತ್ತಾನೆ: ಮಗ ಕೈಗೆ ಮುತ್ತಿಡುವಾಗ ಇವಾನನು ಹೆಂಡತಿಯ ಕಣ್ಣೀರನ್ನು ಕಂಡು ಮರುಗುತ್ತಾನೆ, ಕ್ಷಮಿಸು ಎನ್ನಹೊರಟು ನಾಲಿಗೆ ತಪ್ಪಿ ಬಿಟ್ಟುಬಿಡು ಎನ್ನುತ್ತಾನೆ. ತಿಳಿಯಬೇಕಾದವನಿಗೆ ತಿಳಿದೀತೆಂದು ಅದನ್ನು ತಿದ್ದುವುದಿಲ್ಲ. ದೇವರಿಗೆ ತಿಳಿದಿರಬೇಕು. ಹೆಂಡತಿಗೆ? ಮರಣಾನಂತರದ ಮಾತುಗಳನ್ನು ಟಾಲ್‌ಸ್ಟಾಯ್ ಮೊದಲ ಅಧ್ಯಾಯದಲ್ಲಿಯೇ ಇಟ್ಟಿದ್ದಾನೆ. ಅಲ್ಲಿ ಆಕೆ ಮೂರು ದಿನಗಳ ಚೀರಾಟವನ್ನು ಹೇಳುತ್ತಾಳೆ, ಕೊನೆಗೆ ವಿದಾಯ ಹೇಳಿ ಮಗನನ್ನು ಕರೆದೊಯ್ಯಲು ತಿಳಿಸಿದನೆನ್ನುತ್ತಾಳೆ. ಕ್ಷಮೆಯ ಮಾತು ಅವಳ ಬಾಯಲ್ಲಿಲ್ಲ.