ಕಾದಿರಿಸಿದ ಜಾಗದ ಜಾಣ ಬಳಕೆ

ಯಂತ್ರಾಂಶಕ್ಕೂ ಪ್ರೋಗ್ರಾಮುಗಳಿಗೂ ನಡುವೆ ನಿಂತು ಕೆಲಸ ಮಾಡುವ ಲಿನಕ್ಸ್ ಕರ್ನಲ್, ಮೆಮೊರಿಯನ್ನು ಸಾಮಾನ್ಯವಾಗಿ 4 ಕಿಲೋಬೈಟ್ ಅಳತೆಯ ಪುಟಗಳಾಗಿ ಹಂಚುತ್ತದೆ. ಈ ಪುಟಗಳು ಚದುರಿಹೋಗಿದ್ದರೂ ವಿಳಾಸ ಪರಿವರ್ತನೆಯ ಏರ್ಪಾಡು ಅವುಗಳನ್ನು ಒಂದೇ ಸಾಲಿನಲ್ಲಿರುವಂತೆ ತೋರಿಸುವುದರಿಂದ ಪ್ರೋಗ್ರಾಮುಗಳಿಗೆ ತೊಡಕಾಗುವುದಿಲ್ಲ. ಆದರೆ ಅಂಥ ಏರ್ಪಾಡಿಲ್ಲದ ಕ್ಯಾಮೆರಾ, ವಿಡಿಯೊ ಡಿಕೋಡರ್ ಮೊದಲಾದ ಸಾಧನಗಳು ಹಲವು ಮೆಗಾಬೈಟುಗಳಷ್ಟು ಜಾಗವನ್ನು ನಿಜವಾಗಿಯೂ ಒತ್ತೊತ್ತಾಗಿ, ಅಖಂಡವಾಗಿ ಬೇಡುತ್ತವೆ, ಮತ್ತು ಯಂತ್ರವು ಕೆಲಕಾಲ ಓಡಿದ ಮೇಲೆ ಅದು ಸಿಗುವುದು ದುರ್ಲಭ. ಬೂಟ್ ಆಗುವಾಗಲೇ ಜಾಗವನ್ನು ತೆಗೆದಿರಿಸುವ ಹಳೆಯ ಉಪಾಯವು ಕ್ಯಾಮೆರಾ ತೆರೆಯದ ದಿನವೂ ಆ ಮೆಮೊರಿಯನ್ನು ಬೀಳು ಬಿಡುತ್ತಿತ್ತು.

2012ರಲ್ಲಿ 3.5ನೆಯ ಆವೃತ್ತಿಯೊಂದಿಗೆ ಕರ್ನಲ್ ಸೇರಿದ, ಸಿಎಂಎ ಎಂಬ ಹ್ರಸ್ವನಾಮದ ಅಖಂಡ ಮೆಮೊರಿ ಹಂಚಿಕೆ ವ್ಯವಸ್ಥೆಯ ಸೊಗಸಿರುವುದು ಇಲ್ಲಿಯೇ: ಅದು ಕಾದಿರಿಸಿದ ಜಾಗವನ್ನು ಸುಮ್ಮನೆ ಇಟ್ಟುಕೊಳ್ಳದೆ, ಸ್ಥಳಾಂತರಿಸಬಹುದಾದ ಪುಟಗಳಿಗೆ, ಅಂದರೆ ಬೇರೆಡೆಗೆ ಪ್ರತಿ ಮಾಡಿ ವಿಳಾಸ ಕೋಷ್ಟಕವನ್ನು ತಿದ್ದಿದರೆ ಪ್ರೋಗ್ರಾಮಿಗೆ ಗೊತ್ತೇ ಆಗದಂಥವುಗಳಿಗೆ, ತಾತ್ಕಾಲಿಕವಾಗಿ ಬಿಟ್ಟುಕೊಡುತ್ತದೆ. ಸಾಧನದ ಕೋರಿಕೆ ಬಂದೊಡನೆ ಬೇಕಾದ ವ್ಯಾಪ್ತಿಯನ್ನು ಹೊಸ ಹಂಚಿಕೆಗಳಿಂದ ಪ್ರತ್ಯೇಕಿಸಿ, ಅಲ್ಲಿ ನೆಲೆಸಿರುವ ಪುಟಗಳನ್ನು ತೆರವುಗೊಳಿಸಿ ಒಪ್ಪಿಸುತ್ತದೆ. ಯಾವ ಭಾಗ ಸಾಧನಗಳ ವಶದಲ್ಲಿದೆಯೆಂಬ ಲೆಕ್ಕಕ್ಕೆ ಒಂದು ಬಿಟ್‌ಮ್ಯಾಪ್, ಅಂದರೆ ಸೊನ್ನೆ-ಒಂದುಗಳ ಪಟ್ಟಿ, ಸಾಕು. ಈ ವ್ಯವಸ್ಥೆ ಪುಕ್ಕಟೆಯೇನೂ ಅಲ್ಲ: ತೆರವಿಗೆ ಸಮಯ ಹಿಡಿಯುತ್ತದೆ, ಮತ್ತು ಯಾವುದೋ ಚಾಲಕ ತಂತ್ರಾಂಶವು ಒಂದೇ ಒಂದು ಪುಟವನ್ನು ಕದಲದಂತೆ ಹಿಡಿದಿಟ್ಟರೂ ಆ ವ್ಯಾಪ್ತಿಯನ್ನು ಕೈಬಿಟ್ಟು ಮುಂದಿನದನ್ನು ಹುಡುಕಬೇಕಾಗುತ್ತದೆ.